ಶ್ರೀಪೆರಂಬುದೂರಿನಲ್ಲಿ ಕುದಿದ ಬ್ರೇಕ್ ಆಯಿಲ್

ಶ್ರೀಪೆರಂಬುದೂರಿಗೆ ಹೋಗಿ ಬರ್ತೀನಿ ಅಂದಾಗ ಅಮ್ಮ ಬಿಡಿಸುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದಳು. ಅವಳ ತವರು ಮೇಲುಕೋಟೆ. ರಾಮಾನುಜಾಚಾರ್ಯರು ಹನ್ನೆರಡು ವರ್ಷ ನೆಲೆಸಿದ್ದರೆಂದು ಹೇಳಿಕೊಳ್ಳುವ ಊರು ಅದು. ಅಲ್ಲಿಯವರಿಗೆ ಶ್ರೀಪೆರಂಬುದೂರು ಅಂದರೆ ಒಂದೇ ಅರ್ಥ, ಆಚಾರ್ಯರು ಹುಟ್ಟಿದ ಸ್ಥಳ. "ಅಂತೂ ಈ ವಯಸ್ಸಿಗಾದ್ರೂ ಬುದ್ಧಿ ಬಂತಲ್ಲ" ಅಂದು, ತನ್ನ ಹೆಸರಲ್ಲಿ ತುಳಸಿಹಾರ ಒಪ್ಪಿಸಲು ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೊಟ್ಟಳು. ನಾನು ಹೊರಟಿದ್ದದ್ದು ಆ ಊರಿನ ಪಕ್ಕದ ಇರುಂಗಾಟ್ಟುಕೋಟೈಗೆ, ರೇಸ್ ಟ್ರ್ಯಾಕ್‌ನಲ್ಲಿ ಕಾರು ಓಡಿಸಲು. ನೂರು ರೂಪಾಯಿ ಜೇಬಿಗೆ ಹಾಕಿಕೊಂಡೆ. ಬಾಯಿ ಬಿಡಲಿಲ್ಲ.

ಮಂಡ್ಯದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ವಯಸ್ಸು 47. ಕಾರು ಎಂಟು ವರ್ಷ ಹಳೆಯದು, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಾಧಾರಣ ಹ್ಯಾಚ್‌ಬ್ಯಾಕ್. ಮಗಳನ್ನು ಟ್ಯೂಷನ್‌ಗೆ ಬಿಡುವುದು ಅದರಲ್ಲೇ, ಹೋಲ್‌ಸೇಲ್ ಅಂಗಡಿಯಿಂದ ಸಿರಪ್ ಪೆಟ್ಟಿಗೆ ತರುವುದೂ ಅದರಲ್ಲೇ. ವರ್ಷಕ್ಕೊಂದು ಸಲ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಅದೇ ಕಾರನ್ನು ಟ್ರ್ಯಾಕ್‌ಗೆ ಕೊಂಡೊಯ್ಯುತ್ತೇನೆ. ಹಿಂದಿನ ಎರಡು ಸಲ ಕೊಯಮತ್ತೂರಿಗೆ ಹೋಗಿದ್ದೆ. ಅಮ್ಮನಿಗೆ ಸ್ನೇಹಿತನ ಮದುವೆ ಅಂದಿದ್ದೆ. ಒಬ್ಬನೇ ಸ್ನೇಹಿತನಿಗೆ ಎರಡು ಮದುವೆ ಮಾಡಿಸಿದ ಪಾಪವೇ ಈ ಸಲ ತಟ್ಟಿತೋ ಏನೋ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಈ ಮಾತನ್ನು ಹೆಂಡತಿಗೂ ಹೇಳಿದ್ದೇನೆ, ಇನ್ಶೂರೆನ್ಸ್ ಏಜೆಂಟರಿಗೂ ಹೇಳಿದ್ದೇನೆ, ಇಬ್ಬರೂ ನಂಬಿಲ್ಲ. ದುಡ್ಡು ಕಟ್ಟಿದವರನ್ನು ಅನುಭವ ನೋಡಿ ಗುಂಪು ಮಾಡುತ್ತಾರೆ. ಒಂದೊಂದು ಗುಂಪಿಗೂ ಹದಿನೈದಿಪ್ಪತ್ತು ನಿಮಿಷ ಟ್ರ್ಯಾಕ್ ಬಿಟ್ಟುಕೊಡುತ್ತಾರೆ. ಗೆದ್ದವರೂ ಇಲ್ಲ, ಸೋತವರೂ ಇಲ್ಲ, ಕಪ್ಪೂ ಇಲ್ಲ. ನಮ್ಮಂಥ ಹೊಸಬರ ಗುಂಪಿನಲ್ಲಿ ಓವರ್‌ಟೇಕ್ ಮಾಡುವುದು ನೇರ ದಾರಿಯಲ್ಲಿ ಮಾತ್ರ, ಅದೂ ಮುಂದಿನವನು ಕೈ ತೋರಿಸಿದ ಮೇಲೆ. ಹಾಸನ ರಸ್ತೆಯಲ್ಲಿ ಕಾರು ಓಡಿಸುವುದಕ್ಕಿಂತ ಇದು ಎಷ್ಟೋ ಸುರಕ್ಷಿತ ಅಂತಲೇ ನನ್ನ ವಾದ. ಎದುರಿನಿಂದ ಟ್ರ್ಯಾಕ್ಟರ್ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ. ಆದರೆ ಏಜೆಂಟರು ನಂಬದಿರುವುದಕ್ಕೆ ಕಾರಣ ಇದೆ. ಪಾಲಿಸಿಯ ಸಣ್ಣಕ್ಷರ ಓದಿ ನೋಡಿ. ರೇಸ್, ವೇಗದ ಪರೀಕ್ಷೆ ಇಂಥವಕ್ಕೆ ಬಳಸಿದಾಗ ನಮ್ಮ ಮಾಮೂಲಿ ಮೋಟಾರು ವಿಮೆ ಅನ್ವಯಿಸುವುದಿಲ್ಲ ಅಂತಲೇ ಬರೆದಿರುತ್ತದೆ. ಟ್ರ್ಯಾಕ್‌ನಲ್ಲಿ ಜಜ್ಜಿದ ಬಂಪರು ನಮ್ಮ ಜೇಬಿನದೇ.

ಬೆಂಗಳೂರಿನಲ್ಲಿ ಕಾರ್ಟಿಂಗ್ ಟ್ರ್ಯಾಕ್‌ಗಳಿವೆ. ದೊಡ್ಡ ಟ್ರ್ಯಾಕ್ ಬೇಕೆಂದರೆ ನಮ್ಮ ಕಡೆಯವರು ಹೋಗುವುದು ತಮಿಳುನಾಡಿಗೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಎಂಬ ಸಣ್ಣ ರೇಸ್ ಕಾರು ಕಟ್ಟಿದ ಕರಿವರ್ಧನ್ ಅವರ ಹೆಸರು ಅದಕ್ಕಿದೆ. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇರುಂಗಾಟ್ಟುಕೋಟೈಯದು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕ್. ಕ್ಲಬ್ ಶುರುವಾದದ್ದು 1953ರಲ್ಲಿ. ಆಗ ರೇಸ್ ನಡೆಯುತ್ತಿದ್ದದ್ದು ಎರಡನೇ ಮಹಾಯುದ್ಧ ಕಾಲದ ಶೋಳಾವರಂನ ವಿಮಾನ ರನ್‌ವೇಯಲ್ಲಿ. ತಮ್ಮದೇ ಟ್ರ್ಯಾಕ್ ತೆರೆದದ್ದು 1990ರಲ್ಲಿ. ಉದ್ದ 3.717 ಕಿ.ಮೀ., ತಿರುವು ಹನ್ನೆರಡು. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅನ್ನುತ್ತಾರೆ. ಕರಿಯಲ್ಲಿ ಓಡಿಸಿದ ಧೈರ್ಯದಲ್ಲೇ ಇಲ್ಲಿಗೆ ಬಂದೆ. ಅಲ್ಲಿಗಿಂತ ಇಲ್ಲಿ ನೇರ ದಾರಿ ಉದ್ದ, ವೇಗ ಹೆಚ್ಚು. ಅಲ್ಲಿ ಮುಚ್ಚಿಹೋಗಿದ್ದ ನನ್ನ ತಪ್ಪು ಇಲ್ಲಿ ಬಯಲಾಯಿತು.

ಶನಿವಾರ ಬೆಳಿಗ್ಗೆ ಏಳಕ್ಕೆ ಕಾರಿನ ತಪಾಸಣೆ. ವೀಲ್ ನಟ್ ಬಿಗಿ ಇದೆಯೇ, ಬ್ಯಾಟರಿ ಅಲ್ಲಾಡುತ್ತದೆಯೇ, ಬ್ರೇಕ್ ಲೈಟ್ ಉರಿಯುತ್ತದೆಯೇ, ಎಳೆಯುವ ಕೊಕ್ಕೆ ಹಾಕಿದೆಯೇ ಎಂದು ನೋಡಿದರು. ಡಿಕ್ಕಿಯಿಂದ ಸ್ಟೆಪ್ನಿ, ಜಾಕಿ, ನೀರಿನ ಕ್ಯಾನು, ನೆಲದ ಮ್ಯಾಟು ಎಲ್ಲ ಇಳಿಸಿದೆವು. ಡ್ಯಾಶ್‌ಬೋರ್ಡಿನ ಗಣಪತಿಯನ್ನೂ ತೆಗೆಸಿದರು. ತಿರುವಿನಲ್ಲಿ ಹಾರಿ ಪೆಡಲ್ ಕೆಳಗೆ ಸೇರಿದರೆ ವಿಘ್ನನಿವಾರಕನೇ ವಿಘ್ನ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ನೋಡಿದರು, ಮೇಲಿನ ಗೆರೆಯವರೆಗೂ ಇತ್ತು. "ಯಾವಾಗ ಬದಲಿಸಿದ್ದು?" ಎಂದರು. "ಸರ್ವೀಸ್‌ನಲ್ಲಿ ಮಾಡಿರ್ತಾರೆ" ಎಂದೆ. ಆ 'ಇರ್ತಾರೆ' ಅನ್ನುವುದೇ ನನ್ನ ಶನಿವಾರ ತಿಂದ ಮಾತು.

ಆಮೇಲೆ ಬಾವುಟದ ಪಾಠ. ಹಳದಿ ಕಂಡರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ನೀಲಿ ಕಂಡರೆ ಹಿಂದಿನವನು ನಿನಗಿಂತ ಚುರುಕು, ದಾರಿ ಬಿಡು. ಹಳದಿ ಮೇಲೆ ಕೆಂಪು ಪಟ್ಟೆ ಅಂದರೆ ನೆಲ ಜಾರುತ್ತದೆ. ಕೆಂಪು ಅಂದರೆ ಎಲ್ಲರೂ ನಿಧಾನ ಮಾಡಿ ಪಿಟ್‌ಗೆ ವಾಪಸ್. ಕರಿ ಬಾವುಟ ಒಬ್ಬನಿಗೇ, ಹೆಡ್‌ಮಾಸ್ತರರ ಕೋಣೆಗೆ ಕರೆ ಬಂದ ಹಾಗೆ. ನನ್ನ ಜೊತೆ ಅಕ್ಕನ ಮಗ ಬಂದಿದ್ದ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ, ಬ್ರೇಕನ್ನು ಪುಸ್ತಕದಲ್ಲಿ ಮಾತ್ರ ಬಿಚ್ಚಿ ನೋಡಿದವನು.

ಮೊದಲ ಸೆಷನ್ ಐದು ಸುತ್ತು. ಅದರ ಸುಖವನ್ನು ವರ್ಣಿಸಲು ಹೋಗುವುದಿಲ್ಲ, ಹೋದರೆ ಈ ಲೇಖನ ಮುಗಿಯುವುದಿಲ್ಲ. ಎರಡನೇ ಸೆಷನ್ನಿನ ನಾಲ್ಕನೇ ಸುತ್ತಿಗೆ ಬರುತ್ತೇನೆ. ಮೇನ್ ಸ್ಟ್ರೇಟ್ ಮುಗಿಯುತ್ತಿದೆ, ಮುಳ್ಳು 140ರ ಮೇಲಿದೆ. ಹಿಂದಿನ ಸುತ್ತಿನಲ್ಲಿ ಒತ್ತಿದ ಜಾಗದಲ್ಲೇ ಬ್ರೇಕ್ ಒತ್ತಿದೆ. ಪೆಡಲ್ ಸಿಗಲಿಲ್ಲ. ಅಂದರೆ, ಕಾಲಿಗೆ ಎದುರು ಏನೂ ಇಲ್ಲ. ಬೆಣ್ಣೆಯೊಳಗೆ ಇಳಿದಂತೆ ಇಳಿದು ನೆಲಕ್ಕೆ ತಾಗಿತು, ಕಾರು ಮಾತ್ರ ಹೋಗುತ್ತಲೇ ಇದೆ.

ನನ್ನ ಸೋದರಮಾವ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು, ಧರ್ಮಸ್ಥಳದ ರೂಟಿನಲ್ಲಿ ಚಾರ್ಮಾಡಿ ಹತ್ತಿಳಿದವರು. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಅವರ ಬಸ್ಸಿನಲ್ಲಿ ಎಂಜಿನ್ ಪಕ್ಕ ಕೂತು ಹೋದರೆ ಪ್ರತಿ ಸಲ ಘಾಟಿಯ ತಲೆಯಲ್ಲಿ ಒಂದೇ ಮಾತು: "ಹತ್ತೋವಾಗ ಯಾವ ಗೇರೋ ಇಳಿಯೋವಾಗ್ಲೂ ಅದೇ ಗೇರು ಕಣೋ. ಬ್ರೇಕ್ ನಂಬ್ಕೊಂಡು ಇಳಿದೋನು ಬ್ರೇಕ್ ಜೊತೇಲೇ ಹೋಯ್ತಾನೆ." ಆ ಮಾತು ತಲೆಗೆ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬಂದದ್ದು ಕೈಗೆ. ಕೈ ತಾನೇ ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಗೇರ್ ಇಳಿಸಿತು, ಎಂಜಿನ್ ಅರಚಿತು, ಕಾಲು ಪೆಡಲನ್ನು ಪಂಪ್ ಹೊಡೆದ ಹಾಗೆ ಟಪಟಪ ಒತ್ತಿತು. ಮೂರನೇ ಒತ್ತಿಗೆ ಅರ್ಧ ಬ್ರೇಕ್ ಸಿಕ್ಕಿತು. ತಿರುವು ಆಗಲೇ ಕೈ ಬಿಟ್ಟಿತ್ತು. ಎರಡು ಚಕ್ರ ಹುಲ್ಲಿಗೆ ಇಳಿದವು, ಧೂಳೆದ್ದಿತು, ಆಚೆ ಒಬ್ಬ ಮಾರ್ಷಲ್ ಹಳದಿ ಬಾವುಟ ಬೀಸುತ್ತಿದ್ದ. ಆ ದಿನ ನಾನೇ 'ಮುಂದಿನ ಅಪಾಯ'. ಸಿಗ್ನಲ್ ಹಾಕಿ, ಕೈ ಎತ್ತಿ, ಎತ್ತಿನಗಾಡಿಯ ವೇಗದಲ್ಲಿ ಪಿಟ್‌ಗೆ ಬಂದೆ.

ಬಂದವನು ಇನ್ನೊಂದು ತಪ್ಪು ಮಾಡಿದೆ. ಅಭ್ಯಾಸಬಲದಿಂದ ಹ್ಯಾಂಡ್‌ಬ್ರೇಕ್ ಎಳೆದೆ. ಪಕ್ಕದ ಪಿಟ್‌ನಲ್ಲಿದ್ದ ಕೊಯಮತ್ತೂರಿನ ಹಿರಿಯರೊಬ್ಬರು ಓಡಿ ಬಂದು ಗದರಿದರು. ಕಾದ ಡ್ರಮ್‌ಗೆ ಲೈನರ್ ಒತ್ತಿ ಹಿಡಿದರೆ ಡ್ರಮ್ ಸೊಟ್ಟಗಾಗಬಹುದು, ಅಂಟಿಕೊಳ್ಳಲೂಬಹುದು. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು. ಅವರೇ ಒಳಗೆ ಕೂತು ಪೆಡಲ್ ಒತ್ತಿ ನೋಡಿ ತೀರ್ಪು ಕೊಟ್ಟರು: "ಆಯಿಲ್ ಕೊದಿಚ್ಚಿಡುಚ್ಚು, ಸಾರ್." ಕೊದಿ ಅಂದರೆ ಕುದಿ. ದುಭಾಷಿ ಬೇಕಾಗಲಿಲ್ಲ.

ಕಾರಿನ ಬ್ರೇಕ್ ಆಯಿಲ್ ಕುದಿಯುವುದು ಹೇಗೆ? ಲೆಕ್ಕ ಹಾಕೋಣ. ನನ್ನನ್ನೂ ಸೇರಿಸಿ ಕಾರು ಸುಮಾರು ಸಾವಿರ ಕಿಲೋ. ಅದನ್ನು 140ರಿಂದ 60ಕ್ಕೆ ಇಳಿಸಿದರೆ ಸುಮಾರು ಆರು ಲಕ್ಷ ಜೌಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಒಂದಿಷ್ಟು ಗಾಳಿ ತಿನ್ನುತ್ತದೆ, ಹೆಚ್ಚಿನದೆಲ್ಲ ಡಿಸ್ಕ್‌ನಲ್ಲಿ ಶಾಖವಾಗುತ್ತದೆ. ಆರು ಲಕ್ಷ ಜೌಲ್ ಅಂದರೆ ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಮನೆಯ ಗ್ಯಾಸ್ ಒಲೆಗೆ ಅದು ಹತ್ತು ನಿಮಿಷದ ಕೆಲಸ, ಬ್ರೇಕ್ ಅದನ್ನು ನಾಲ್ಕೈದು ಸೆಕೆಂಡಿನಲ್ಲಿ ಮಾಡುತ್ತದೆ. ಒಂದೊಂದು ಸುತ್ತಿನಲ್ಲೂ ಹೀಗೆ ಹಲವು ಸಲ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಬಹುಪಾಲು ದುಡಿಮೆ ಮುಂದಿನ ಎರಡು ಡಿಸ್ಕ್‌ಗಳದು. ಟ್ರ್ಯಾಕ್‌ನಲ್ಲಿ ಡಿಸ್ಕ್ 500 ಡಿಗ್ರಿ ದಾಟುವುದು ಅಪರೂಪವಲ್ಲ. ಆ ಬಿಸಿ ಪ್ಯಾಡ್ ದಾಟಿ, ಪಿಸ್ಟನ್ ದಾಟಿ, ಕೊನೆಗೆ ಬ್ರೇಕ್ ಆಯಿಲ್‌ಗೆ ತಲುಪುತ್ತದೆ.

ನಾವು ಆಯಿಲ್ ಅನ್ನುತ್ತೇವೆ, ಅದು ಎಣ್ಣೆಯೇ ಅಲ್ಲ. ಇಲ್ಲಿಂದ ಮುಂದೆ ನನ್ನ ಕಸುಬಿನ ವಿಷಯ. ನಮ್ಮ ಕಾರುಗಳ ಬ್ರೇಕ್ ದ್ರವ ಗ್ಲೈಕಾಲ್ ಕುಟುಂಬದ್ದು. ಔಷಧಿ ಅಂಗಡಿಯವರಿಗೆ ಆ ಕುಟುಂಬ ಚೆನ್ನಾಗಿ ಗೊತ್ತು. ಅದರಲ್ಲಿ ಸಾಧು ಸ್ವಭಾವದ ಪ್ರೊಪಿಲೀನ್ ಗ್ಲೈಕಾಲ್ ಸಿರಪ್‌ಗಳಲ್ಲಿರುತ್ತದೆ. ಮಕ್ಕಳ ಕೆಮ್ಮಿನ ಸಿರಪ್‌ನಲ್ಲಿ ಕಂಡರೆ ಊರಿಗೆ ಊರೇ ಬೆಚ್ಚಿಬೀಳುವ ಡೈಎಥಿಲೀನ್ ಗ್ಲೈಕಾಲ್ ಬ್ರೇಕ್ ದ್ರವದಲ್ಲಿ ರಾಜಾರೋಷವಾಗಿ ಇರಬಹುದು. ಇವುಗಳ ಒಂದು ಗುಣ ನೀರನ್ನು ಎಳೆದುಕೊಳ್ಳುವುದು. ಮಾತ್ರೆ ಡಬ್ಬಿಯಲ್ಲಿ ಪುಟ್ಟ ಸಿಲಿಕಾ ಜೆಲ್ ಪೊಟ್ಟಣ ಇರುತ್ತದಲ್ಲ, ಹಾಗೆಯೇ ಗಾಳಿಯ ತೇವವನ್ನು ಹೀರುತ್ತ ಕೂರುತ್ತದೆ. ಕಾರಿನ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಿದ್ದರೂ ರಬ್ಬರ್ ಹೋಸಿನ ಮೂಲಕ ತೇವ ಒಳಗೆ ಬರುತ್ತದೆ. ಹೊಸ ಡಾಟ್-3 ದರ್ಜೆಯ ದ್ರವ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದೆಂದು ನಿಯಮ. ಶೇ 3.7ರಷ್ಟು ನೀರು ಸೇರಿದ ಮೇಲೆ ಅದಕ್ಕೆ 140 ಡಿಗ್ರಿ ತಾಳಿಕೊಂಡರೆ ಸಾಕು. ಡಾಟ್-4ಕ್ಕೆ ಇವೇ ಅಂಕಿ 230 ಮತ್ತು 155. ನೂರಕ್ಕೆ ನಾಲ್ಕು ಪಾಲೂ ಇಲ್ಲದ ನೀರು ಎಪ್ಪತ್ತು ಡಿಗ್ರಿ ಹತ್ತಿರದ ಕಸುವನ್ನು ತಿಂದುಹಾಕುತ್ತದೆ.

ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಕಾಲಿನ ಬಲವನ್ನು ಹಾಗೇ ಚಕ್ರಕ್ಕೆ ದಾಟಿಸುತ್ತದೆ. ಕುದಿದರೆ ಗುಳ್ಳೆ ಏಳುತ್ತದೆ. ಗುಳ್ಳೆ ಅಂದರೆ ಆವಿ, ಆವಿ ಕುಗ್ಗುತ್ತದೆ. ಆಮೇಲೆ ನಮ್ಮ ಕಾಲು ಒತ್ತುವುದು ಗುಳ್ಳೆಯನ್ನು, ಬ್ರೇಕನ್ನಲ್ಲ. ಇದರಲ್ಲಿ ಮೋಸ ಏನೆಂದರೆ, ಅರ್ಧ ಗಂಟೆ ನಿಲ್ಲಿಸಿದರೆ ಆವಿ ಮತ್ತೆ ದ್ರವವಾಗಿ ಪೆಡಲ್ ತಕ್ಕಮಟ್ಟಿಗೆ ಗಟ್ಟಿಯಾಗಿಬಿಡುತ್ತದೆ. ನನ್ನದೂ ಆಯಿತು. "ಸರಿ ಹೋಯ್ತಲ್ಲ ಮಾವ, ಮೂರನೇ ಸೆಷನ್ ಬಿಡೋದು ಬೇಡ" ಅಂದ ಅಕ್ಕನ ಮಗ. ಕೊಯಮತ್ತೂರಿನವರು ಅವನನ್ನು ನೋಡಿದ ನೋಟಕ್ಕೆ ಅವನು ಟೀ ತರಲು ಹೋದ. ಅವರು ಇನ್ನೊಂದು ವ್ಯತ್ಯಾಸ ಹೇಳಿಕೊಟ್ಟರು. ಪೆಡಲ್ ಕಲ್ಲಿನಂತೆ ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ದೋಷ ಕಾದ ಪ್ಯಾಡಿನದು. ಪೆಡಲ್ ಮೆತ್ತಗೆ ಒಳಗಿಳಿದರೆ ದೋಷ ದ್ರವದ್ದು.

ಮಂಡ್ಯದ ನನ್ನ ಗ್ಯಾರೇಜಿನ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಹಳೇ ಬಿಲ್ಲು ನೋಡಿ ಹೇಳಿದರು: ಬ್ರೇಕ್ ಆಯಿಲ್ ಬದಲಿಸಿ ನಾಲ್ಕು ವರ್ಷ ದಾಟಿದೆ. ಪ್ರತಿ ಸಲ ಅವರು ಕೇಳಿದಾಗ "ಲೆವೆಲ್ ಇದೆಯಲ್ಲ, ಮುಂದಿನ ಸಲ ನೋಡೋಣ" ಅಂದವನು ನಾನೇ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ದಿನಕ್ಕೆ ನೂರು ಸಲ ಎಕ್ಸ್‌ಪೈರಿ ಡೇಟ್ ನೋಡುವ ಮನುಷ್ಯ ನಾನು. ಗಿರಾಕಿ ಹಳೇ ಕಣ್ಣಿನ ಡ್ರಾಪ್ಸ್ ತೋರಿಸಿ "ಇನ್ನೂ ಅರ್ಧ ಇದೆಯಲ್ಲ" ಅಂದರೆ ಬಯ್ಯುವವನು.

ಮಧ್ಯಾಹ್ನದ ಮೇಲೆ ಆಟೋ ಹಿಡಿದು ಶ್ರೀಪೆರಂಬುದೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆವು. ಸೀಲ್ ಒಡೆಯದ ಡಾಟ್-4 ಅರ್ಧ ಲೀಟರಿನ ಎರಡು ಬಾಟಲಿ, ಒಂದು ಮೀಟರ್ ಪಾರದರ್ಶಕ ಪೈಪು ಕೊಂಡೆವು. ಡಾಟ್-3 ಇದ್ದ ಕಡೆ ಡಾಟ್-4 ಹಾಕಬಹುದು. ಡಾಟ್-5 ಮಾತ್ರ ಸಿಲಿಕೋನ್ ಜಾತಿ, ಇವುಗಳೊಂದಿಗೆ ಬೆರೆಸಬಾರದು. ಅಂಗಡಿಯಿಂದ ಈಚೆ ಬಂದಾಗ ಅಮ್ಮನ ನೂರು ರೂಪಾಯಿ ನೆನಪಾಯಿತು. ಆದಿಕೇಶವ ಪೆರುಮಾಳ್ ದೇವಸ್ಥಾನದ ಬಾಗಿಲು ಸಂಜೆ ತೆರೆಯುವವರೆಗೆ ಕಾದು, ಬ್ರೇಕ್ ಆಯಿಲ್ ಚೀಲ ಹೊರಗೆ ಹುಡುಗನ ಕೈಲಿ ಕೊಟ್ಟು, ತುಳಸಿಹಾರ ಒಪ್ಪಿಸಿದೆ. ಆಚಾರ್ಯರ ಸನ್ನಿಧಿಯಲ್ಲಿ ನಿಂತಾಗಲೂ ಕೈ ಸುಟ್ಟ ಪ್ಯಾಡಿನ ವಾಸನೆ ಬರುತ್ತಿತ್ತು. ಮದುವೆಯ ಎರಡು ಸುಳ್ಳಿಗೂ ಅಲ್ಲೇ ತಪ್ಪೊಪ್ಪಿಕೊಂಡೆ.

ಬ್ರೇಕ್ ಬ್ಲೀಡ್ ಮಾಡುವುದು, ಅಂದರೆ ಹಳೇ ದ್ರವವನ್ನೂ ಗುಳ್ಳೆಯನ್ನೂ ಹೊರಹಾಕಿ ಹೊಸದು ತುಂಬುವುದು, ಇಬ್ಬರ ಕೆಲಸ. ಒಬ್ಬ ಒಳಗೆ ಪೆಡಲ್ ಮೇಲೆ, ಇನ್ನೊಬ್ಬ ನೆಲದ ಮೇಲೆ ಸ್ಪ್ಯಾನರ್ ಹಿಡಿದು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕಿರುವುದರಿಂದ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪ್ಪಲ್‌ಗೆ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಇಳಿಬಿಟ್ಟೆವು. ಸಾಲ ತಂದ ಟಾರ್ಚಿನ ಬೆಳಕು, ಸೊಳ್ಳೆ ಕಾಟ.

"ಒತ್ತಿ ಮಾವ."

"ಒತ್ತಿದೆ."

"ಹಂಗೇ ಹಿಡ್ಕೊಳ್ಳಿ, ಬಿಡಬೇಡಿ... ಬಿಡಬೇಡಿ... ಹೂಂ, ಟೈಟ್ ಮಾಡಿದೆ, ಈಗ ಬಿಡಿ."

ಹೊಸ ದ್ರವ ತೆಳು ಜೇನಿನ ಬಣ್ಣ ಇರುತ್ತದೆ. ನಮ್ಮ ಪೈಪಿನಲ್ಲಿ ಇಳಿದದ್ದು ಮನೆಯ ಫಿಲ್ಟರಿನ ಮೊದಲ ಡಿಕಾಕ್ಷನ್, ನಡುನಡುವೆ ಮುತ್ತಿನ ಸರದ ಹಾಗೆ ಗುಳ್ಳೆ. ಹಿಂದಿನ ಬಲ ಚಕ್ರದ ಹೊತ್ತಿಗೆ ನನಗೆ ಸೊಳ್ಳೆ ಕಚ್ಚಿ, ಅವನು ನಟ್ ಬಿಗಿ ಮಾಡುವ ಮೊದಲೇ ಕಾಲು ತೆಗೆದೆ. ಗಾಳಿ ಒಳಗೆ ಎಳೆದುಕೊಂಡಿತು, ಆ ಚಕ್ರ ಮೊದಲಿನಿಂದ. ಇನ್ನೊಂದು ಸಲ ಮೇಲಿನ ಡಬ್ಬಿ ಖಾಲಿಯಾಗುವುದರಲ್ಲಿತ್ತು. ಖಾಲಿಯಾಗಿದ್ದರೆ ನಾಲ್ಕೂ ಚಕ್ರ ಮೊದಲಿನಿಂದ. ಬಣ್ಣದ ಮೇಲೆ ಚೆಲ್ಲಿದ್ದನ್ನು ತಕ್ಷಣ ನೀರು ಹಾಕಿ ತೊಳೆದೆವು, ಈ ದ್ರವ ಕಾರಿನ ಬಣ್ಣವನ್ನು ಎಬ್ಬಿಸುತ್ತದೆ. ಮುಗಿದಾಗ ರಾತ್ರಿ ಒಂಬತ್ತು. ಪೆಡಲ್ ಒತ್ತಿದೆ. ಮೇಲೇ ನಿಂತಿತು. ನನ್ನ ಅಂಗಡಿಗೆ ಲೈಸೆನ್ಸ್ ಸಿಕ್ಕ ದಿನವೂ ಅಷ್ಟು ಸಮಾಧಾನ ಆಗಿರಲಿಲ್ಲ.

ಭಾನುವಾರ ಓಡಿಸುವ ರೀತಿ ಬದಲಾಯಿತು. ಎರಡು ಸುತ್ತು ಚುರುಕಾಗಿ, ಒಂದು ಸುತ್ತು ಬ್ರೇಕ್ ಮುಟ್ಟದ ಹಾಗೆ ನಿಧಾನವಾಗಿ, ಡಿಸ್ಕ್‌ಗೆ ಗಾಳಿ ಆಡಲಿ ಅಂತ. ಕೊಯಮತ್ತೂರಿನವರು ನನ್ನ ಪಕ್ಕದ ಸೀಟಿನಲ್ಲಿ ಒಂದು ಸೆಷನ್ ಕೂತರು. ಅವರ ಪ್ರಕಾರ ಹೊಸಬರ ಬ್ರೇಕ್ ಕುದಿಯುವುದು ವೇಗದಿಂದಲ್ಲ, ಹೆದರಿಕೆಯಿಂದ. ಬೇಗನೆ ಒತ್ತಿ, ಮೆಲ್ಲಗೆ ಒತ್ತಿ, ತುಂಬ ಹೊತ್ತು ಒತ್ತಿಕೊಂಡೇ ಇರುತ್ತೇವೆ. ಡಿಸ್ಕ್‌ಗೆ ಉಸಿರಾಡಲು ಬಿಡುವೇ ಸಿಗುವುದಿಲ್ಲ. ತಡವಾಗಿ, ಗಟ್ಟಿಯಾಗಿ, ಸ್ವಲ್ಪ ಹೊತ್ತು ಒತ್ತಿ ಪೂರ್ತಿ ಬಿಟ್ಟುಬಿಡು ಎಂದರು. ಹೇಳಲು ಸುಲಭ. ಎದುರಿಗೆ ಗೋಡೆ ಕಾಣುವಾಗ ತಡವಾಗಿ ಒತ್ತುವುದು ಮನುಷ್ಯ ಸ್ವಭಾವಕ್ಕೆ ವಿರುದ್ಧ. ಆದರೂ ಎರಡು ಸೆಷನ್ ಐದೈದು ಸುತ್ತು ಪೆಡಲ್ ಅಲ್ಲಾಡದೆ ಮುಗಿದವು.

ಮೂರನೇ ಸೆಷನ್ನಿನ ಮೂರು ಸುತ್ತಿನ ಮೇಲೆ ಮುಂದಿನಿಂದ ಕೀರಲು ಸದ್ದು. ಪಿಟ್‌ಗೆ ತಂದು, ತಣಿದ ಮೇಲೆ ಚಕ್ರ ಬಿಚ್ಚಿ ನೋಡಿದರೆ ಪ್ಯಾಡು ಮೂರು ಮಿಲಿಮೀಟರಿಗೆ ಬಂದಿತ್ತು. ಇನ್ನೊಂದು ಸೆಷನ್ ಬಾಕಿ ಇತ್ತು, ದುಡ್ಡೂ ಕಟ್ಟಿದ್ದೆ. ಆದರೆ ರೇಸಿನವರ ಕಾರು ಲಾರಿಯಲ್ಲಿ ಮನೆಗೆ ಹೋಗುತ್ತದೆ, ನನ್ನದು ನನ್ನನ್ನೇ ಕೂರಿಸಿಕೊಂಡು ಹೋಗಬೇಕು. ಉಳಿದ ಮೂರು ಮಿಲಿಮೀಟರು ಮಂಡ್ಯದವರೆಗಿನ ನಾಲ್ಕು ನೂರು ಕಿಲೋಮೀಟರಿಗೆ ಎತ್ತಿಟ್ಟೆ. ಗಣಪತಿಯನ್ನು ಮತ್ತೆ ಡ್ಯಾಶ್‌ಬೋರ್ಡಿಗೆ ಅಂಟಿಸಿ ಹೊರಟೆವು. ಎರಡು ದಿನದಲ್ಲಿ ಪೂರ್ತಿಯಾದದ್ದು 21 ಸುತ್ತು, 78 ಕಿಲೋಮೀಟರ್. ಅದಕ್ಕಾಗಿ ಹೋಗಿ ಬಂದದ್ದು 800.

ಮುಂದಿನ ವಾರ ಸೋದರಮಾವನ ಮನೆಗೆ ಹೋಗಿದ್ದಾಗ ಎಲ್ಲ ಹೇಳಿದೆ. ಅವರಿಗೀಗ 78, ಕಿವಿ ಸ್ವಲ್ಪ ದೂರ. ಟ್ರ್ಯಾಕ್, ಸುತ್ತು, ವೇಗ ಯಾವುದೂ ಅವರಿಗೆ ರುಚಿಸಲಿಲ್ಲ. "ಗೇರ್ ಇಳಿಸ್ದಾ?" ಅಂತ ಮಾತ್ರ ಕೇಳಿದರು. ಇಳಿಸಿದೆ ಅಂದೆ. "ಹಂಗಿದ್ಮೇಲೆ ಇನ್ನೇನು" ಅಂದು ಕಾಫಿ ತರಿಸಿದರು.

ನೀವು ಟ್ರ್ಯಾಕ್‌ಗೆ ಹೋಗುವವರಲ್ಲದಿರಬಹುದು. ಆದರೆ ರಜೆಯಲ್ಲಿ ಐದು ಜನ, ಡಿಕ್ಕಿ ತುಂಬ ಬ್ಯಾಗು ಹೇರಿಕೊಂಡು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವವರಿದ್ದೀರಿ. ಬ್ರೇಕ್ ಮೇಲೆ ಕಾಲಿಟ್ಟೇ ಉದ್ದಕ್ಕೂ ಇಳಿದರೆ ನಿಮ್ಮ ಕಾರಿನಲ್ಲೂ ಇದೇ ಕುದಿತ ಆಗಬಹುದು, ಅಲ್ಲಿ ಪಕ್ಕಕ್ಕೆ ಇರುವುದು ಹುಲ್ಲಲ್ಲ, ಕಮರಿ. ನನ್ನ ಬಾನೆಟ್ಟಿನ ಒಳಗಡೆ ಈಗ ಅಂಗಡಿಯ ಲೇಬಲ್ ಒಂದು ಅಂಟಿಸಿದೆ, ಬದಲಿಸಿದ ದಿನ, ಅವಧಿ ಮುಗಿಯುವ ದಿನ ಎರಡನ್ನೂ ಬರೆದು. ಈ ಭಾನುವಾರ ನಿಮ್ಮ ಗ್ಯಾರೇಜಿನ ಮೇಸ್ತ್ರಿಗೆ ಒಂದು ಫೋನ್ ಮಾಡಿ, ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ ಅಂತ ಕೇಳಿ. "ಮಾಡಿರ್ತೀವಿ" ಅಂದರೆ ಒಪ್ಪಬೇಡಿ, ಬಿಲ್ಲಿನಲ್ಲಿ ತಾರೀಖು ನೋಡಿ.